ಚಾರ್ಮಾಡಿ ಹತ್ತುವಾಗ ಕ್ಯಾಂಪರ್ ಗಾಡಿ ಹೀಟ್ ಆಗಿ ನಿಂತಿದೆ, ಎಂಜಿನ್ ಉಳಿದಿದ್ಯಾ ಹೋಗಿದ್ಯಾ ತಿಳ್ಕೊಳೋದು ಹೆಂಗೆ?

ತಿರುಗಾಲಿ_ತಿಪಟೂರು
ಎಲ್ರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು, ಗೊತ್ತಿರೋರು ದಯವಿಟ್ಟು ಹೇಳಿ. ಗಾಡಿ ಹಳೇ ಟಿಟಿ (ಟೆಂಪೊ ಟ್ರಾವೆಲರ್), 2.6 ಲೀಟರ್ ಕಾಮನ್ ರೇಲ್ ಟರ್ಬೊ ಡೀಸೆಲ್, ಒಳಗಡೆ ಬೆಡ್ಡು, ಅಡುಗೆ ಕಟ್ಟೆ, ಸಿಂಕು, 100 ಲೀಟರ್ ನೀರಿನ ಟ್ಯಾಂಕು ಎಲ್ಲ ಹಾಕಿಸಿ ಕ್ಯಾಂಪರ್ ಮಾಡಿಸಿರೋದು. ಮಲ್ಪೆಯಿಂದ ವಾಪಸ್ ಬರ್ತಾ ಉಜಿರೆ ದಾಟಿ ಚಾರ್ಮಾಡಿ ಹತ್ತುತಾ ಇದ್ವಿ, ಭಾವ ಓಡಿಸ್ತಿದ್ರು, ಎಸಿ ಆನ್ ಇತ್ತು, ಅಪ್ಪ ಅಮ್ಮ ಹಿಂದೆ ಮಲಗಿದ್ರು. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ರ ಹೋಯ್ತು, ಎಸಿ ಆಫ್ ಮಾಡಿದ್ರು, ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗೇ ಪೂರ್ತಿ ಕೆಳಗೆ ಬಂತು. ಸರಿಹೋಯ್ತು ಅಂತ ಇನ್ನೂ ಕೆಲವು ತಿರುವು ಹತ್ತಿದ್ರು. ಆಮೇಲೆ ಪಿಕಪ್ ಇಲ್ಲ, ಬಾನೆಟ್ ಸಂದೀಲಿ ಹಬೆ, ಬಿಸಿ ಬಣ್ಣದ ವಾಸನೆ, ಗಾಡಿ ತಾನೇ ಆಫ್ ಆಯ್ತು.

ತಣ್ಣಗಾದ್ಮೇಲೆ ನೋಡಿದ್ರೆ ರೇಡಿಯೇಟರ್ ಖಾಲಿ. ಕುಡಿಯೋ ನೀರು ತುಂಬಿ ಸ್ಟಾರ್ಟ್ ಮಾಡಿದ್ರೆ ಸ್ಟಾರ್ಟ್ ಆಯ್ತು, ಆದ್ರೆ ಮಿಸ್ ಹೊಡೀತಿದೆ, ಅಂದ್ರೆ ಎಲ್ಲ ಸಿಲಿಂಡರೂ ಸರಿಯಾಗಿ ಉರೀತಿಲ್ಲ, ಗಾಡಿ ಪೂರ್ತಿ ಅಲ್ಲಾಡುತ್ತೆ. ಈಗ ಮೂಡಿಗೆರೆಯಲ್ಲಿ ಒಂದು ಗ್ಯಾರೇಜ್ ಮುಂದೆ ನಿಂತಿದೆ. ಅಲ್ಲಿಯೋರು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಮುಚ್ಚಳ, ಅಂದ್ರೆ ಹೆಡ್ಡಿಗೂ ನಡುವಿನ ತೆಳು ಪದರ) ಹೋಗಿದೆ ಅಂತಾರೆ. ಊರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದ್ರೆ ನೋಡೋಕೂ ಮುಂಚೆನೇ "ಪೂರ್ತಿ ಎಂಜಿನ್ ಕೆಲ್ಸ, ಬೋರು, ಪಿಸ್ಟನ್ನು, ಕ್ರ್ಯಾಂಕು, ಒಂದೂಮುಕ್ಕಾಲು ಲಕ್ಷ ಇಟ್ಕೊಳಿ" ಅಂದ್ರು. ಬಿಚ್ಚೋಕೆ ಮುಂಚೆ ಏನೇನು ಹೋಗಿದೆ ಅಂತ ಖಚಿತವಾಗಿ ತಿಳಿಯೋ ದಾರಿ ಇದ್ಯಾ?

ಗ್ಯಾರೇಜ್_ಗಿರಿ
ಮೊದಲು ಒಂದು ಮಾತು. ಇನ್ನೊಂದ್ ಸಲ ಸ್ಟಾರ್ಟ್ ಮಾಡ್ಬೇಡಿ. ಸೆಲ್ಫ್ ಕೂಡ ಹೊಡೀಬೇಡಿ. ರಾತ್ರಿಯೆಲ್ಲ ನಿಂತಿದ್ದಾಗ ಸಿಲಿಂಡರ್ ಒಳಗೆ ನೀರು ಇಳಿದು ಕೂತಿದ್ರೆ ಪಿಸ್ಟನ್ ಮೇಲೆ ಬಂದಾಗ ನೀರು ಒತ್ತೋಕಾಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಗ್ಯಾಸ್ಕೆಟ್ ಖರ್ಚು ಅಲ್ಲಿಗೆ ಎಂಜಿನ್ ಖರ್ಚಾಗುತ್ತೆ. ಗ್ಲೋ ಪ್ಲಗ್ (ಸ್ಟಾರ್ಟ್ ಆಗೋಕೆ ಸಿಲಿಂಡರ್ ಒಳಗೆ ಬಿಸಿ ಮಾಡೋ ಪ್ಲಗ್) ನಾಲ್ಕೂ ಬಿಚ್ಚಿ, ಇಂಜೆಕ್ಟರ್ ಕನೆಕ್ಟರ್ ತೆಗೆದು, ಆಮೇಲೆ ಕ್ರ್ಯಾಂಕ್ ಮಾಡ್ಸಿ. ಯಾವ ತೂತಿಂದಾದ್ರೂ ನೀರು ಚಿಮ್ಮಿದ್ರೆ ಆ ಸಿಲಿಂಡರ್ ಯಾವುದು ಅಂತ ಗೊತ್ತಾಗುತ್ತೆ.

ಬೆಳ್ತಂಗಡಿಯವ
ಅಯ್ಯೋ ಮಾರಾಯ್ರೆ, ಆ ಘಾಟಿಯಲ್ಲಿ ನೆಟ್‌ವರ್ಕೂ ಇಲ್ಲ. ಅಪ್ಪ ಅಮ್ಮ ಹೇಗಿದ್ದಾರೆ ಈಗ? ಅಣ್ಣಪ್ಪ ಸ್ವಾಮಿ ಗುಡಿ ಹತ್ರ ನಿಂತಿದ್ರೆ ಯಾರಾದ್ರೂ ಲಾರಿಯವರು ಸಿಗ್ತಿದ್ರು, ಅಲ್ಲಿ ಎಲ್ರೂ ನಿಲ್ಲಿಸಿ ಕೈ ಮುಗಿದೇ ಹೋಗುವುದು.

ಹುಬ್ಬಳ್ಳಿ_ಡೀಸೆಲ್
ಅಣ್ಣಾರ ಇದರಾಗ ವಿಚಾರ ಮಾಡೂದು ಏನೈತ್ರಿ? ರೇಡಿಯೇಟರ್ ಖಾಲಿ ಆಗಿ ಬಂದ್ ಬಿದ್ದೈತಿ, ಮಿಸ್ ಹೊಡ್ಯಾಕತ್ತೈತಿ ಅಂದ್ರ ಹೆಡ್ ಹೋಗೈತಿ. ಸುಮ್ನ ಟೆಸ್ಟ್ ಅಂತ ರೊಕ್ಕಾ ಕಳೀಬ್ಯಾಡ್ರಿ, ಹೆಡ್ ಇಳಸ್ರಿ, ಕಣ್ಣಿಗೆ ಕಾಣ್ತೈತಿ. ನಮ್ಮ ಕಡೆ ಟ್ರ್ಯಾಕ್ಟರಿಗೆ ಹಂಗ ಮಾಡೂದು.

ಲೇತ್_ಮನೆ_ಮಗಳು
ಹುಬ್ಬಳ್ಳಿ ಅಣ್ಣ, ಹೆಡ್ ಇಳಿಸಿದ್ರೆ ಕಣ್ಣಿಗೆ ಕಾಣೋದು ಮಾತ್ರ ಗೊತ್ತಾಗುತ್ತೆ. ಪಿಸ್ಟನ್ ಸುತ್ತಲಿನ ರಿಂಗ್ ಗಾಳಿ ಸೋರದಂಗೆ ಹಿಡೀತಿದ್ಯಾ ಇಲ್ವಾ ಅಂತ ಹೆಡ್ ಇಳಿಸಿದ್ಮೇಲೆ ಪರೀಕ್ಷೆ ಮಾಡೋಕೇ ಆಗಲ್ಲ, ಒತ್ತಡ ನಿಲ್ಲಿಸೋಕೆ ಮೇಲೆ ಮುಚ್ಚಳವೇ ಇರಲ್ವಲ್ಲ. ನಮ್ಮ ಮನೆಯೋರದ್ದು ಬೆಂಗಳೂರು ಜೆ.ಸಿ. ರೋಡ್ ಹತ್ರ ಹೆಡ್ ಫೇಸಿಂಗ್ (ಹೆಡ್ ಮುಖ ಸವರಿ ಸಮ ಮಾಡೋದು), ಬೋರಿಂಗ್ (ಪಿಸ್ಟನ್ ಓಡಾಡೋ ಸಿಲಿಂಡರ್ ತೂತು, ಅಂದ್ರೆ ಬೋರ್ ಕೊರೆಯೋದು) ಕೆಲ್ಸ, ಚಿಕ್ಕೋಳಿದ್ದಾಗಿಂದ ನೋಡ್ತಾ ಬಂದಿದೀನಿ. ಹೀಟ್ ಆದ ಗಾಡಿಗಳಲ್ಲಿ ಅರ್ಧಕ್ಕರ್ಧ ಜನ ಅಂದಾಜಿನ ಮೇಲೆ ಬಿಚ್ಚಿಸಿ ತರ್ತಾರೆ. ಹೆಡ್ ಸರಿ ಮಾಡಿ ಕೂರಿಸಿದ್ಮೇಲೆ ಹೊಗೆ ಬಂದು ಮತ್ತೆ ಪಿಸ್ಟನ್ ಕೆಲ್ಸಕ್ಕೆ ಇಳಿಸ್ತಾರೆ, ಗ್ಯಾಸ್ಕೆಟ್ ಎರಡೆರಡು ಸಲ ದಂಡ. ಇಲ್ಲಾಂದ್ರೆ ಚೆನ್ನಾಗಿರೋ ಬೋರ್‌ನ ಸುಮ್ಸುಮ್ನೆ ಹೊಡೆಸ್ತಾರೆ. ನೋಡಿ ಹೊಟ್ಟೆ ಉರಿಯುತ್ತೆ ನಂಗೆ.

ತಿಪಟೂರು ಅವ್ರೆ, ನಿಮ್ಮ ಪ್ರಶ್ನೆ ಎರಡಿದೆ, ಎರಡನ್ನೂ ಬೇರೆ ಇಡಿ. ನೀರು ಯಾಕೆ ಖಾಲಿ ಆಯ್ತು ಅನ್ನೋದು ಒಂದು, ಅದರಿಂದ ಏನೇನು ಹಾಳಾಯ್ತು ಅನ್ನೋದು ಇನ್ನೊಂದು. ಮೊದಲನೇದು ಸಿಗದೆ ಎರಡನೇದು ರಿಪೇರಿ ಮಾಡಿಸಿದ್ರೆ ಮುಂದಿನ ಘಾಟಿಯಲ್ಲಿ ಮತ್ತೆ ಇದೇ ಕಥೆ. ನೀರು ಸೋರಿದ ಜಾಗ ಹುಡುಕೋಕೆ ಕೂಲಿಂಗ್ ಪ್ರೆಶರ್ ಟೆಸ್ಟ್ ಇದೆ. ತಣ್ಣಗಿರುವಾಗ ರೇಡಿಯೇಟರ್ ಬಾಯಿಗೆ ಕೈ ಪಂಪ್ ಹಾಕಿ ಕ್ಯಾಪ್ ಮೇಲೆ ಬರೆದಷ್ಟೇ ಪ್ರೆಶರ್ ಕೊಟ್ಟು ಹತ್ತು ಹದಿನೈದು ನಿಮಿಷ ಬಿಡೋದು. ಮುಳ್ಳು ಇಳಿದು ಹೊರಗೆ ಎಲ್ಲಾದ್ರೂ ಹನಿ ಕಂಡ್ರೆ ಅದೇ ಜಾಗ, ಹೊರಗೆ ಎಲ್ಲೂ ಕಾಣದೆ ಇಳೀತಿದ್ರೆ ನೀರು ಒಳಗೆ ಹೋಗ್ತಿದೆ. ಎಂಜಿನ್‌ಗೆ ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್ ಗಾಳಿನ ಎಷ್ಟು ಒತ್ತುತ್ತೆ ಅಂತ ಅಳೆಯೋದು) ಮಾಡಿಸಿ, ಯಾವ ಸಿಲಿಂಡರ್ ಕಮ್ಮಿ ಅಂತ ನೋಡ್ಕೊಂಡು ಅದಕ್ಕೆ ಲೀಕ್‌ಡೌನ್ (ಗಾಳಿ ಬಿಟ್ಟು ಎಲ್ಲಿಂದ ಸೋರುತ್ತೆ ಅಂತ ನೋಡೋದು). ಇಷ್ಟಕ್ಕೂ ಅರ್ಧ ದಿನ ಸಾಕು. ಕಂಪ್ರೆಷನ್ ಗೇಜು ಡೀಸೆಲ್‌ದೇ ಆಗ್ಬೇಕು. ಪೆಟ್ರೋಲ್ ಎಂಜಿನ್‌ನಲ್ಲಿ ಸುಮಾರು 10ರಿಂದ 13 ಬಾರ್ ಬರೋದು, ಡೀಸೆಲ್‌ನಲ್ಲಿ 25-30ರ ಆಸುಪಾಸು, ಪೆಟ್ರೋಲ್ ಗೇಜ್ ಹಾಕಿದ್ರೆ ಗೇಜೇ ಒಡೆದು ಮುಖಕ್ಕೆ ಬರುತ್ತೆ.

ತಿರುಗಾಲಿ_ತಿಪಟೂರು
ಬೆಳ್ತಂಗಡಿಯವ್ರೆ, ಅಪ್ಪ ಅಮ್ಮ ಬಸ್ ಹತ್ತಿ ಊರಿಗೆ ಹೋದ್ರು, ಆರಾಮಾಗಿದ್ದಾರೆ. ಮೇಡಂ ತುಂಬಾ ಥ್ಯಾಂಕ್ಸ್. ಡಿಪ್‌ಸ್ಟಿಕ್ ತೆಗೆದು ನೋಡ್ದೆ, ಆಯಿಲ್ ಕಪ್ಪಗೇ ಇದೆ, ನೀರು ಸೇರಿದಂಗೆ ಕಾಣ್ಸಲ್ಲ. ಹಂಗಾದ್ರೆ ಗ್ಯಾಸ್ಕೆಟ್ ಸರಿ ಇದೆ ಅಂತ ತಾನೆ?

ಗ್ಯಾರೇಜ್_ಗಿರಿ
ಇಲ್ಲ, ಹಂಗೆ ಹೇಳೋಕಾಗಲ್ಲ. ಗ್ಯಾಸ್ಕೆಟ್ ಎಲ್ಲಿ ಬೇಕಾದ್ರೂ ಸುಡಬಹುದು. ನೀರಿನ ತೂತಿಂದ ಆಯಿಲ್ ತೂತಿಗೆ ದಾರಿಯಾದ್ರೆ ಮಾತ್ರ ಆಯಿಲ್ ಬೆಳ್ಳಗೆ ನೊರೆಯಾಗೋದು. ಸಿಲಿಂಡರಿಂದ ಅದರ ಸುತ್ತ ನೀರು ಹರಿಯೋ ಜಾಕೆಟ್‌ಗೆ ಸುಟ್ರೆ ರೇಡಿಯೇಟರಲ್ಲಿ ಗುಳ್ಳೆ ಬರುತ್ತೆ, ಆಯಿಲ್ ಚೆನ್ನಾಗೇ ಇರುತ್ತೆ. ಎರಡು ಸಿಲಿಂಡರ್ ನಡುವಿನ ಗ್ಯಾಸ್ಕೆಟ್ ಪಟ್ಟಿ ಸುಟ್ರಂತೂ ಆಯಿಲೂ ಚೆನ್ನಾಗಿರುತ್ತೆ, ನೀರೂ ಚೆನ್ನಾಗಿರುತ್ತೆ, ಗಾಡಿ ಮಾತ್ರ ಮಿಸ್ ಹೊಡೆಯುತ್ತೆ. ನಿಮ್ಮದು ಹಂಗೇ ಅನ್ಸುತ್ತೆ ನಂಗೆ.

ಕೊಡಗಿನ_ಕಾರು
ಉಲ್ಟಾನೂ ನಿಜ. ಆಯಿಲ್ ಕ್ಯಾಪ್ ಒಳಗೆ ಬೆಳ್ಳಗೆ ಅಂಟಿದ್ರೆ ಗ್ಯಾಸ್ಕೆಟ್ ಹೋಯ್ತು ಅಂತ ಎಷ್ಟೋ ಜನ ಗಾಬರಿಯಾಗ್ತಾರೆ. ಮಳೆಗಾಲದಲ್ಲಿ ಅಂಗಡಿಗೆ ಹೋಗಿ ಬರೋ ಚಿಕ್ಕ ಓಡಾಟದಲ್ಲೇ ಗಾಡಿ ಇದ್ರೆ ಎಂಜಿನ್ ಪೂರ್ತಿ ಬಿಸಿಯಾಗಲ್ಲ, ಒಳಗಿನ ತೇವ ಅಲ್ಲೇ ಕೂತು ಹಂಗೆ ಆಗುತ್ತೆ. ಮಡಿಕೇರಿಯಲ್ಲಿ ಜೂನ್ ಜುಲೈಲಿ ಯಾರ ಗಾಡಿ ಕ್ಯಾಪ್ ತೆಗೆದ್ರೂ ಅದೇ. ಆಯಿಲ್ ಕೂಲರ್ ಒಳಗೆ ತೂತಾದ್ರೂ ನೀರು ಆಯಿಲ್ ಸೇರ್ಕೊಳುತ್ತೆ, ಹೆಡ್ಡಿಗೂ ಅದಕ್ಕೂ ಸಂಬಂಧ ಇರಲ್ಲ.

ಸಕಲೇಶಪುರ_ಸವಾರಿ
ಮುಳ್ಳು ತಾನಾಗೇ ಕೆಳಗೆ ಬಂತು ಅಂದ್ರಲ್ಲ, ಆ ವಿಷ್ಯ ಯಾರೂ ಎತ್ತಲಿಲ್ಲ. ಗಾಡಿ ಓಡ್ಸೋರು ಎಲ್ರೂ ತಿಳ್ಕೊಬೇಕಾದ್ದು ಅದು. ಸೆನ್ಸರ್ ನೀರಲ್ಲಿ ಮುಳುಗಿರ್ಬೇಕು, ನೀರಿನ ಶಾಖವನ್ನೇ ಅದು ಅಳೆಯೋದು. ನೀರು ಕಮ್ಮಿ ಆಗಿ ಸೆನ್ಸರ್ ಇರೋ ಜಾಗ ಖಾಲಿ ಆದ್ರೆ ಅದು ಗಾಳಿ, ಹಬೆ ಅಳೆಯುತ್ತೆ, ಮುಳ್ಳು ಇಳಿಯುತ್ತೆ. ಹತ್ತೋ ದಾರೀಲಿ, ಲೋಡ್ ಮೇಲೆ, ಕೆಂಪಿಗೆ ಹೋದ ಮುಳ್ಳು ದಢಕ್ಕನೆ ಇಳಿದ್ರೆ ಎಂಜಿನ್ ತಣ್ಣಗಾಗಿಲ್ಲ, ನೀರೇ ಇಲ್ಲ ಅಂತ ಅರ್ಥ, ಅಲ್ಲೇ ಆಫ್ ಮಾಡ್ಬೇಕು. ಮುಳ್ಳಿನ ಜೊತೆ ಹೀಟರ್ ಗಾಳೀನೂ ನೋಡಿ. ಹೀಟರ್ ಫುಲ್ ಇಟ್ಟಾಗ ತಣ್ಣನೆ ಗಾಳಿ ಬಂದ್ರೆ ಹೀಟರ್ ಕೋರ್‌ಗೆ (ಹೀಟರ್ ಒಳಗಿನ ಪುಟ್ಟ ರೇಡಿಯೇಟರ್) ಎಂಜಿನ್‌ನ ಬಿಸಿ ನೀರು ಬರ್ತಿಲ್ಲ. ಬರೀ 200 ರೂಪಾಯಿ ಉಳಿಸೋಕೆ ಕೂಲಂಟ್ ಲೆವೆಲ್ ಸೆನ್ಸರ್ ಹಾಕ್ಸದೆ ಬಿಡ್ತಾರೆ, ಕ್ಯಾಂಪರ್‌ಗೆ ಮೊದಲು ಹಾಕ್ಸಬೇಕಾದ್ದೇ ಅದು.

ಮೈಸೂರು_ಮಾವ
200ಕ್ಕೆ ಎಲ್ಲಪ್ಪ ಸಿಗುತ್ತೆ ಲೆವೆಲ್ ಸೆನ್ಸರ್? ಬಜರ್, ವೈರಿಂಗ್ ಎಲ್ಲ ಸೇರಿದ್ರೆ ಅದಕ್ಕಿಂತ ಜಾಸ್ತಿನೇ. ಆದ್ರೂ ಹಾಕ್ಸಿ, ಅದರಲ್ಲಿ ಮಾತಿಲ್ಲ.

ಇನ್ನೊಂದು, ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾಗೋ ತನಕ ನೀರನ್ನ ರೇಡಿಯೇಟರ್‌ಗೆ ಬಿಡದೆ ತಡೆಯೋದು) ತೆಗೆದು ಬಿಸಾಕಿ. ನಮ್ಮ ದೇಶದ ಬಿಸಿಲಿಗೆ ಅದು ಬೇಡವೇ ಬೇಡ. ನಮ್ಮ ಟೂರಿಸ್ಟ್ ಗಾಡಿಗಳಲ್ಲಿ ಎಲ್ಲದ್ರಲ್ಲೂ ತೆಗೆಸಿದೀವಿ, ಒಂದೂ ಹೀಟ್ ಆಗಲ್ಲ.

ಲೇತ್_ಮನೆ_ಮಗಳು
ಮಾವ ಅವ್ರೆ, ದಯವಿಟ್ಟು ಈ ಸಲಹೆ ಕೊಡ್ಬೇಡಿ. ವಾಲ್ವ್ ಇಲ್ಲದಿದ್ರೆ ಎಂಜಿನ್ ಕೆಲ್ಸದ ಶಾಖಕ್ಕೇ ಬರಲ್ಲ, ಡೀಸೆಲ್ ಸರಿಯಾಗಿ ಉರಿಯಲ್ಲ, ಮೈಲೇಜ್ ಬೀಳುತ್ತೆ, ಬೋರ್ ಬೇಗ ಸವೆಯುತ್ತೆ. ಜೊತೆಗೆ ಬೈಪಾಸ್ ಇರೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಕೆಳಗಿನ ಬಿಲ್ಲೆ ಬೈಪಾಸ್ ದಾರಿ ಮುಚ್ಚುತ್ತೆ. ಅದನ್ನ ಕಿತ್ತು ಹಾಕಿದ್ರೆ ಬೈಪಾಸ್ ಸದಾ ತೆರೆದೇ ಇರುತ್ತೆ, ಒಂದಷ್ಟು ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಅಲ್ಲೇ ಸುತ್ತುತ್ತೆ. ಘಾಟಿಯಲ್ಲಿ ಲೋಡ್ ಬಿದ್ದಾಗ ಇನ್ನೂ ಜಾಸ್ತಿ ಹೀಟ್ ಆಗುತ್ತೆ.

ಮೈಸೂರು_ಮಾವ
ಪುಸ್ತಕದಲ್ಲಿ ಇರೋದು ಬೇರೆ, ರೋಡಲ್ಲಿ ನಡೆಯೋದು ಬೇರೆ ಮೇಡಂ. ಹಳೇ ಗಾಡಿ ವಾಲ್ವ್ ಜಾಮ್ ಆಗಿ ಮುಚ್ಕೊಂಡ್ರೆ ಎಂಜಿನ್ನೇ ಹೋಗುತ್ತೆ, ಅದಕ್ಕೇನಂತೀರಿ?

ಲೇತ್_ಮನೆ_ಮಗಳು
ಜಾಮ್ ಆದ್ರೆ ಹೊಸದು ಹಾಕಿ. ಒಂದು ಪಾತ್ರೇಲಿ ನೀರು ಕಾಯಿಸಿ ಅದರಲ್ಲಿ ವಾಲ್ವ್ ಇಳಿಬಿಟ್ರೆ ಅದರ ಮೇಲೆ ಬರೆದಿರೋ ಡಿಗ್ರಿ ಹತ್ರ ತೆರೆಯೋದು ಕಣ್ಣಿಗೇ ಕಾಣ್ಸುತ್ತೆ, ತೆರೆಯದಿದ್ರೆ ಹಾಳಾಗಿದೆ. ಪರೀಕ್ಷೆ ಅಡುಗೆ ಮನೇಲೇ ಆಗುತ್ತೆ.

ಲಾರಿ_ಲೋಕೇಶ
ನಮ್ಮಪ್ಪ ಲಾರಿ ಓಡಿಸ್ತಿದ್ದಾಗ ರೇಡಿಯೇಟರ್ ಸೋರಿದ್ರೆ ಅರಿಶಿನ ಪುಡಿ ಹಾಕ್ತಿದ್ರು. ಸಣ್ಣ ಸೋರಿಕೆ ನಿಂತೇ ಹೋಗ್ತಿತ್ತು, ಹತ್ರದ ಊರು ತಲುಪೋ ತನಕ. ದಾರಿ ಮಧ್ಯೆ ಸಿಕ್ಕಾಕ್ಕೊಂಡೋರಿಗೆ ಹೇಳಿದ್ದು ಅಷ್ಟೇ.

ಗ್ಯಾರೇಜ್_ಗಿರಿ
ಹಳೇ ಹಿತ್ತಾಳೆ ರೇಡಿಯೇಟರ್‌ಗೆ ನಡೀತಿತ್ತು ಲೋಕೇಶಣ್ಣ, ಟ್ಯೂಬ್ ದಪ್ಪ ಇತ್ತು, ಕಟ್ಟಿಕೊಂಡ್ರೆ ಟ್ಯಾಂಕ್ ಬೆಸುಗೆ ಬಿಡಿಸಿ ಕಡ್ಡಿ ಆಡ್ಸಿ ರಾಡಿಂಗ್ ಮಾಡ್ತಿದ್ರು. ಈಗಿನ ಅಲ್ಯೂಮಿನಿಯಮ್ ಟ್ಯೂಬ್ ಸಣ್ಣ, ಎರಡೂ ಕಡೆ ಪ್ಲಾಸ್ಟಿಕ್ ಟ್ಯಾಂಕ್, ರಾಡಿಂಗ್ ಮಾತೇ ಇಲ್ಲ. ಪುಡಿ ಹೋಗಿ ಹೀಟರ್ ಕೋರಲ್ಲಿ ಕೂತ್ರೆ ಅದೂ ಹೋಯ್ತು. ಸೋರಿಕೆ ನಿಲ್ಲಿಸೋ ಬಾಟ್ಲಿ ಕೆಮಿಕಲ್‌ಗೂ ಇದೇ ಮಾತು.

ಕೋಲಾರದ_ಕಣ್ಮಣಿ
ನೀರಿನ ಬಗ್ಗೆ ನಾನೊಂದು ಹೇಳ್ತೀನಿ. ನಮ್ಮ ಕಡೆ ಬೋರ್ ನೀರು ಎಷ್ಟು ಉಪ್ಪು ಅಂದ್ರೆ ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಹೋಗುತ್ತೆ. ಅದೇ ನೀರನ್ನ ಜನ ರೇಡಿಯೇಟರ್‌ಗೆ ಸುರೀತಾರೆ. ಎಂಜಿನ್ ಒಳಗೆ ಹೆಡ್ಡಿನ ವಾಲ್ವ್ ಸುತ್ತ ಎಲ್ಲಿ ಅತಿ ಬಿಸಿಯೋ ಅಲ್ಲೇ ಸುಣ್ಣ ಮೊದಲು ಕಟ್ಟೋದು, ಅಲ್ಲಿಂದ ಶಾಖ ನೀರಿಗೆ ಸರಿಯಾಗಿ ದಾಟಲ್ಲ, ಮುಳ್ಳು ನಾರ್ಮಲ್ ತೋರಿಸ್ತಿದ್ರೂ ಹೆಡ್ ಒಳಗೆ ಸುಡ್ತಿರುತ್ತೆ. ಬ್ಯಾಟರಿ ಅಂಗಡಿ ಡಿಸ್ಟಿಲ್ಡ್ ವಾಟರ್ ಹಾಕಿ ಕೂಲಂಟ್ ಕಲಸಿ, ದುಡ್ಡೇನೂ ಜಾಸ್ತಿ ಇಲ್ಲ. ಹಸಿರು ಕೂಲಂಟ್ ಇದ್ದಿದ್ದಕ್ಕೆ ಪಿಂಕ್ ಸುರಿಬೇಡಿ, ಕೆಲವು ಜೊತೆ ಸೇರಿದ್ರೆ ಗಟ್ಟಿಯಾಗುತ್ತೆ. ಬಣ್ಣ ನೋಡಿ ತಗೋಬೇಡಿ, ಮ್ಯಾನ್ಯುಯಲ್‌ನಲ್ಲಿ ಯಾವ ಟೈಪ್ ಬರೆದಿದ್ಯೋ ಅದೇ ತಗೊಳಿ.

ಬೆಳ್ತಂಗಡಿಯವ
ನಮ್ಮಲ್ಲಿ ಬಾವಿ ನೀರು ಸಿಹಿ ಉಂಟು, ಅದಕ್ಕೇ ಇಲ್ಲಿಯವರಿಗೆ ಈ ತೊಂದರೆ ಗೊತ್ತೇ ಇಲ್ಲ. ಆದ್ರೂ ಬರೀ ನೀರು ಹಾಕಿದ್ರೆ ತುಕ್ಕು ಹಿಡಿಯುತ್ತದೆ ಅಲ್ವಾ?

ಕೋಲಾರದ_ಕಣ್ಮಣಿ
ಹಿಡಿಯುತ್ತೆ. ವಾಟರ್ ಬಾಡಿ (ನೀರಿನ ಪಂಪ್) ರೆಕ್ಕೆ ತಿಂದು ಹೋಗಿರೋದು ನೋಡಿದೀನಿ. ಬರೀ ನೀರು ಬೇಗ ಕುದಿಯುತ್ತೆ ಬೇರೆ. ಸಾವಿರ ಮೀಟರ್ ಎತ್ತರದ ಊರಲ್ಲಿ ತೆರೆದ ಪಾತ್ರೆ ನೀರು 97 ಡಿಗ್ರಿ ಹತ್ರಾನೇ ಕುದಿಯುತ್ತೆ. ಅದಕ್ಕೇ ರೇಡಿಯೇಟರ್ ಕ್ಯಾಪ್ ಪ್ರೆಶರ್ ಹಿಡೀಬೇಕು, ಕುಕ್ಕರ್ ಕೆಲ್ಸಾನೇ ಅದು. ಒಂದು ಬಾರ್ ಹತ್ರ ಹಿಡಿದ್ರೆ ನೀರು 120 ಡಿಗ್ರಿ ತನಕ ಕುದಿಯಲ್ಲ. ಕ್ಯಾಪ್ ರಬ್ಬರ್ ಹೋಗಿದ್ರೆ ಅಷ್ಟೂ ಲಾಭ ಹೋಯ್ತು. ಬಿಸಿ ಇರುವಾಗ ಕ್ಯಾಪ್ ತೆಗೆದ್ರೆ ಒಳಗಿನ ನೀರು ಒಂದೇ ಸಲ ಕುದಿದು ಹಬೆ ಜೊತೆ ಮುಖಕ್ಕೆ ಚಿಮ್ಮುತ್ತೆ, ಅದಕ್ಕೇ ಯಾರೂ ಮುಟ್ಟಬಾರ್ದು.

ಸ್ಟುಟ್‌ಗಾರ್ಟ್_ಸಿರಿ
ಜರ್ಮನಿಯಿಂದ. ಇಲ್ಲಿ ನಮ್ಮ ಕನ್ನಡ ಕೂಟದ ಒಬ್ರ ಹತ್ರ ಹಳೇ ಫೋಕ್ಸ್‌ವ್ಯಾಗನ್ ಟಿ3 ಕ್ಯಾಂಪರ್ ಇದೆ, ಹಿಂದೆ ಎಂಜಿನ್, ಮುಂದೆ ರೇಡಿಯೇಟರ್. ಗಾಡಿ ಹೊಟ್ಟೆ ಕೆಳಗೆ ಉದ್ದಕ್ಕೆ ಎರಡು ಪೈಪ್ ಹೋಗುತ್ತೆ. ನೀರು ಬದಲಿಸಿದಾಗಲೆಲ್ಲ ಗಾಡಿ ಮೂತಿ ಮೇಲೆತ್ತಿ ರೇಡಿಯೇಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ ಗಾಳಿ ಬಿಡಬೇಕು, ಸ್ವಲ್ಪ ಗಾಳಿ ಉಳಿದ್ರೂ ಸುತ್ತಾಟ ನಿಂತು ಹೀಟ್ ಆಗುತ್ತೆ. ಇದು ಯಾಕೆ ಹೇಳ್ತಿದೀನಿ ಅಂದ್ರೆ, ಕ್ಯಾಂಪರ್ ಮಾಡುವಾಗ ಹಿಂದಿನ ಸೀಟಿಗೆ ಹೀಟರ್ ಬೇಕು ಅಂತ ಕೂಲಂಟ್ ಪೈಪ್‌ಗೆ ಟಿ (ಮೂರು ಬಾಯಿಯ ಜಾಯಿಂಟ್) ಹಾಕಿ ಹಿಂದಕ್ಕೆ ಎಳೆದಿರ್ತಾರೆ. ನಿಮ್ಮ ಗಾಡಿಯಲ್ಲೂ ಹಂಗೆ ಇದ್ಯಾ? ಇದ್ರೆ ಮೊದಲು ಆ ಜಾಯಿಂಟ್ ನೋಡಿ.

ಇಲ್ಲಿ ಎಲ್ರೂ ಬಳಸೋ ಇನ್ನೊಂದು ಪರೀಕ್ಷೆ ನೀಲಿ ದ್ರವದ್ದು. ರೇಡಿಯೇಟರ್ ಬಾಯಿ ಮೇಲೆ ಗಾಜಿನ ಕೊಳವೆ ಇಟ್ಟು ಒಳಗಿನ ಗಾಳಿ ಎಳೆದಾಗ ಅದರಲ್ಲಿ ಉರಿದ ಗ್ಯಾಸ್ ಇದ್ರೆ ಕಾರ್ಬನ್ ಡೈಆಕ್ಸೈಡ್‌ಗೆ ಬಣ್ಣ ಬದಲಾಗುತ್ತೆ, ಪೆಟ್ರೋಲ್‌ಗೆ ಹಳದಿ, ಡೀಸೆಲ್‌ಗೆ ಹಸಿರು. ನಿಮ್ಮಲ್ಲೂ ಆನ್‌ಲೈನ್ ಸಿಗುತ್ತೆ.

ಗ್ಯಾರೇಜ್_ಗಿರಿ
ಸಿರಿ ಹೇಳಿದ್ದು ಸರಿ, ಆದ್ರೆ ಡೀಸೆಲ್‌ನಲ್ಲಿ ಅದನ್ನೊಂದನ್ನೇ ನಂಬ್ಕೊಂಡು ಕೂರಬಾರ್ದು. ಐಡ್ಲಿಂಗ್‌ನಲ್ಲಿ ಡೀಸೆಲ್ ಎಂಜಿನ್ ಗಾಳಿ ಜಾಸ್ತಿ ಎಳೆದು ಇಂಧನ ಕಮ್ಮಿ ಉರಿಸುತ್ತೆ, ಗ್ಯಾಸಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ, ಬಣ್ಣ ಬದಲಾಗದೇ ಇರಬಹುದು. ಹಸಿರಾದ್ರೆ ಗ್ಯಾಸ್ಕೆಟ್ ಅಥವಾ ಕ್ರ್ಯಾಕ್ ಅಂತ ನಂಬಿ, ನೀಲಿ ಉಳಿದ್ರೆ ಸರಿ ಇದೆ ಅಂತ ನಂಬಬೇಡಿ.

ಹುಬ್ಬಳ್ಳಿ_ಡೀಸೆಲ್
ಇಷ್ಟೆಲ್ಲಾ ಟೆಸ್ಟ್ ಮಾಡೂ ಬದಲು ಶಿವಾಜಿನಗರದಾಗ ಸೆಕೆಂಡ್ ಹ್ಯಾಂಡ್ ಎಂಜಿನ್ ತಂದು ಕೂಡಿಸಿದ್ರ ಮುಗೀತಲ್ರಿ.

ಲೇತ್_ಮನೆ_ಮಗಳು
ಆ ಎಂಜಿನ್ ಯಾವ ಗಾಡೀದು, ಹೀಟ್ ಆಗಿ ಕಳಚಿದ್ದೋ ಆಕ್ಸಿಡೆಂಟ್‌ದೋ ಅಂತ ಯಾರು ಹೇಳ್ತಾರೆ? ಅದಕ್ಕೂ ಇದೇ ಕಂಪ್ರೆಷನ್ ಟೆಸ್ಟ್ ಮಾಡಿಸಿಯೇ ತಗೋಬೇಕು. ಎಂಜಿನ್ ನಂಬರ್ ಆರ್‌ಸಿಯಲ್ಲಿ ಬದಲಿಸೋ ಓಡಾಟ ಬೇರೆ.

ತಿರುಗಾಲಿ_ತಿಪಟೂರು
ಅಪ್‌ಡೇಟ್. ಗಾಡಿನ ಫ್ಲಾಟ್‌ಬೆಡ್ ಮೇಲೆ ಹಾಸನಕ್ಕೆ ತಂದ್ವಿ, ಇಲ್ಲಿ ಡೀಸೆಲ್ ಗೇಜ್ ಇರೋ ಒಬ್ರು ಸಿಕ್ಕಿದ್ರು. ಗ್ಲೋ ಪ್ಲಗ್ ತೆಗೆದು ಮೊದಲು ಕೈಯಲ್ಲೇ ಕ್ರ್ಯಾಂಕ್ ಪುಲ್ಲಿ ತಿರುಗಿಸಿದ್ರು, ಫ್ರೀ ಇದೆ, ನೀರು ಬರಲಿಲ್ಲ. ಕೂಲಿಂಗ್ ಪ್ರೆಶರ್ ಹಾಕಿದ ತಕ್ಷಣ ಸಿಕ್ಕಿಬಿಡ್ತು. ಸಿರಿ ಹೇಳಿದ್ದೇ ನಿಜ, ಹಿಂದಿನ ಹೀಟರ್‌ಗೆ ಹೋಗೋ ಪೈಪಲ್ಲಿ ಪ್ಲಾಸ್ಟಿಕ್ ಟಿ ಇದೆ, ಅದು ಕೂದಲೆಳೆಯಷ್ಟು ಸೀಳಿದೆ. ಎಕ್ಸಾಸ್ಟ್ ಪೈಪ್ ಪಕ್ಕದಲ್ಲೇ ಹೋಗಿದೆ ಅದು. ಮುಂದೆ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ಸಂದೀಲಿ ಕೆಸರು, ಒಣ ಎಲೆ ತುಂಬಿ ಹೋಗಿದೆ. ಟಿ ಬದಲಿಸಿ ಮತ್ತೆ ಪ್ರೆಶರ್ ಹಾಕಿದ್ರೆ ಮುಳ್ಳು ಅಲ್ಲಾಡಲಿಲ್ಲ. ಒಂದು ನಿಮಿಷ ಸ್ಟಾರ್ಟ್ ಮಾಡಿ ನೀಲಿ ದ್ರವದ ಟೆಸ್ಟೂ ಮಾಡಿದ್ರು, ನೀಲಿಯಾಗೇ ಇದೆ. ಕಂಪ್ರೆಷನ್ ಮಾತ್ರ ಹಿಂಗಿದೆ: ಒಂದನೇದು 27 ಬಾರ್, ಎರಡು 17, ಮೂರು 16, ನಾಲ್ಕು 26. ಮೆಕ್ಯಾನಿಕ್ ಪಿಸ್ಟನ್ ರಿಂಗ್ ಅಂತಿದ್ದಾರೆ.

ಗ್ಯಾರೇಜ್_ಗಿರಿ
ಅಕ್ಕಪಕ್ಕದ ಎರಡು ಸಿಲಿಂಡರ್ ಒಂದೇ ಸಮ ಬಿದ್ದಿದೆ ನೋಡಿ! ರಿಂಗ್ ಹೋಗಿದ್ರೆ ಹಂಗೆ ಜೋಡಿಯಾಗಿ, ಸಮಸಮವಾಗಿ ಹೋಗೋದು ಅಪರೂಪ. ಎರಡು ಮೂರರ ನಡುವಿನ ಪಟ್ಟಿ ಸುಟ್ಟಿದೆ. ಲೀಕ್‌ಡೌನ್ ಮಾಡಿಸಿ, ಒಪ್ಪಿಕೊಳ್ಳೋಕೆ ಮುಂಚೆ.

ಮೈಸೂರು_ಮಾವ
ಲೀಕ್‌ಡೌನ್ ಅಂದ್ರೇನು ಸ್ವಲ್ಪ ಬಿಡಿಸಿ ಹೇಳ್ರಪ್ಪ, ನಮ್ಮ ಹುಡುಗರಿಗೂ ಗೊತ್ತಾಗ್ಲಿ.

ಲೇತ್_ಮನೆ_ಮಗಳು
ಹೇಳ್ತೀನಿ ಮಾವ. ಯಾವ ಸಿಲಿಂಡರ್ ನೋಡ್ಬೇಕೋ ಅದರ ಪಿಸ್ಟನ್‌ನ ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು ನಿಲ್ಲಿಸ್ತಾರೆ, ಆಗ ಎರಡೂ ವಾಲ್ವ್ ಮುಚ್ಚಿರುತ್ತೆ. ಗಾಡಿ ಗೇರಲ್ಲಿ ಇಟ್ಟು ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಬೇಕು, ಇಲ್ಲಾಂದ್ರೆ ಗಾಳಿ ಒತ್ತಡಕ್ಕೆ ಕ್ರ್ಯಾಂಕ್ ತಿರುಗುತ್ತೆ. ಗ್ಲೋ ಪ್ಲಗ್ ತೂತಿಗೆ ಅಡಾಪ್ಟರ್ ಹಾಕಿ ಕಂಪ್ರೆಸರಿಂದ ಗಾಳಿ ಬಿಟ್ಟು ಎಲ್ಲಿಂದ ಬುಸ್ ಅಂತ ಬರ್ತಿದೆ ಅಂತ ಕಿವಿ ಕೊಡೋದು. ಸೈಲೆನ್ಸರ್ ಕಡೆ ಬಂದ್ರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಬಂದ್ರೆ ಇನ್‌ಲೆಟ್ ವಾಲ್ವ್. ಆಯಿಲ್ ಹಾಕೋ ಬಾಯಿಂದ ಬಂದ್ರೆ ರಿಂಗು, ಪಿಸ್ಟನ್ನು, ಆಗ ನಿಮ್ಮೂರಿನವರು ಹೇಳಿದ ದೊಡ್ಡ ಖರ್ಚು. ರೇಡಿಯೇಟರಲ್ಲಿ ಗುಳ್ಳೆ ಬಂದ್ರೆ ಗ್ಯಾಸ್ಕೆಟ್ಟು ಇಲ್ಲ ಕ್ರ್ಯಾಕು. ಪಕ್ಕದ ಸಿಲಿಂಡರಿನ ಗ್ಲೋ ಪ್ಲಗ್ ತೂತಿಂದ ಬಂದ್ರೆ ನಡುವಿನ ಪಟ್ಟಿ. ಆಯಿಲ್ ಬಾಯಲ್ಲಿ ಸ್ವಲ್ಪ ಗಾಳಿ ಚೆನ್ನಾಗಿರೋ ಎಂಜಿನ್‌ನಲ್ಲೂ ಬರುತ್ತೆ, ಅದಕ್ಕೆ ಒಂದನೇ ಸಿಲಿಂಡರ್‌ಗೂ ಮಾಡ್ಸಿ ಹೋಲಿಸಿ ನೋಡ್ಬೇಕು.

ತಿಪಟೂರು ಅವ್ರೆ, ಫೋನಿಗೆ ಹಾಕೋ ಸಣ್ಣ ಕ್ಯಾಮೆರಾ ಸಿಗುತ್ತಲ್ಲ, ಇಂಜೆಕ್ಟರ್ ತೆಗೆದಿದ್ರೆ ಆ ತೂತಲ್ಲಿ ಇಳಿಸಿ ಬೋರ್ ಗೋಡೆ ನೋಡಿ. ಹೋನಿಂಗ್ ಮಾಡಿದ (ಬೋರ್ ಉಜ್ಜಿ ನಯ ಮಾಡಿದಾಗ ಬಿದ್ದ) ಅಡ್ಡಗೆರೆ ಕಂಡ್ರೆ ಒಳ್ಳೇದು, ಉದ್ದುದ್ದ ಗೀರು ಕಂಡ್ರೆ ಪಿಸ್ಟನ್ ಹಿಡಿದಿದೆ. ಗಾಡಿ ತಾನೇ ಆಫ್ ಆಯ್ತು ಅಂದ್ರಲ್ಲ, ನನಗೆ ಅದೇ ಒಂದು ಭಯ.

ಲಾರಿ_ಲೋಕೇಶ
ಆಯಿಲ್ ಫಿಲ್ಟರ್ ಬಿಚ್ಚಿ ಕತ್ತರಿಸಿ ಒಳಗಿನ ಪೇಪರ್ ಬಿಳಿ ಬಟ್ಟೆ ಮೇಲೆ ಹರಡಿ ನೋಡಿ. ಬೇರಿಂಗ್ ತಿಂದಿದ್ರೆ ಹೊಳೆಯೋ ಚೂರು ಸಿಗುತ್ತೆ. ಏನೇ ಆದ್ರೂ ಆ ಆಯಿಲ್ ಚೆಲ್ಲಿ, ಸುಟ್ಟ ಆಯಿಲ್‌ಗೆ ಶಕ್ತಿ ಇರಲ್ಲ, ಟರ್ಬೊನೂ ಅದೇ ಆಯಿಲ್ ಮೇಲೆ ತಿರುಗೋದು.

ರಜನಿ_ರೈಡ್ಸ್
ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದ್ರೋ ಇಲ್ವೋ ಅದನ್ನೇ ಹೇಳಲಿಲ್ಲ ನೀವು.

ತಿರುಗಾಲಿ_ತಿಪಟೂರು
ತಿಂದ್ವಿ, ಮೂಡಿಗೆರೆಗೆ ಹೋಗೋ ದಾರೀಲಿ. ಅಮ್ಮ ಇನ್ನೂ ಅದನ್ನೇ ಹೇಳ್ತಿದ್ದಾರೆ.

ವಕೀಲ_ವೆಂಕಿ
ಇನ್ಶೂರೆನ್ಸ್ ಕ್ಲೇಮ್ ಆಗುತ್ತಾ ಅಂತ ಯಾರೋ ನನಗೆ ಪರ್ಸನಲ್ ಮೆಸೇಜ್ ಮಾಡಿದ್ರು, ಇಲ್ಲೇ ಹೇಳಿಬಿಡ್ತೀನಿ. ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್ ಹೊರಗೇ ಇದೆ, ಎಂಜಿನ್ ಕವರ್ ಅಂತ ಬೇರೆ ತಗೊಂಡಿದ್ರೆ ಅದರ ಷರತ್ತು ಓದಿ. ಗಾಡಿ ಕ್ಯಾಂಪರ್ ಆಗಿ ಬದಲಾಗಿದ್ದು ಆರ್‌ಸಿಯಲ್ಲಿ ನಮೂದಾಗಿದ್ಯಾ? ಮೋಟಾರ್ ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಗಾಡಿ ರೂಪ ಬದಲಿಸಿದ್ರೆ ಆರ್‌ಟಿಓ ಒಪ್ಪಿಗೆ ಬೇಕು, ಮೋಟಾರ್ ಕ್ಯಾರವಾನ್‌ಗೆ ಎಐಎಸ್ 124 ಅಂತ ಮಾನದಂಡವೇ ಇದೆ. ಅದು ಇಲ್ಲದಿದ್ರೆ ನಾಳೆ ಆಕ್ಸಿಡೆಂಟ್ ಕ್ಲೇಮಿಗೂ ತಕರಾರು ಬರುತ್ತೆ.

ಸಕಲೇಶಪುರ_ಸವಾರಿ
ಆರ್‌ಟಿಓ ಚರ್ಚೆಗೆ ಬೇರೆ ಥ್ರೆಡ್ ಮಾಡೋಣ ವೆಂಕಿ, ಇಲ್ಲಿ ಶುರುವಾದ್ರೆ ಎಂಜಿನ್ ವಿಷ್ಯ ಮರೆತುಹೋಗುತ್ತೆ.

ತಿರುಗಾಲಿ_ತಿಪಟೂರು
ಲೀಕ್‌ಡೌನ್ ಆಯ್ತು. ಎರಡನೇದಕ್ಕೆ ಗಾಳಿ ಬಿಟ್ರೆ ಮೂರನೇದರ ಗ್ಲೋ ಪ್ಲಗ್ ತೂತಿಂದ ಜೋರಾಗಿ ಬಂತು, ಬೆರಳು ಇಟ್ರೆ ತಳ್ಳುತ್ತೆ. ಮೂರಕ್ಕೆ ಬಿಟ್ರೆ ಎರಡರಿಂದ. ಆಯಿಲ್ ಬಾಯಲ್ಲಿ ಒಂದನೇ ಸಿಲಿಂಡರ್‌ಗೆ ಎಷ್ಟು ಬಂತೋ ಅಷ್ಟೇ. ಫಿಲ್ಟರಲ್ಲಿ ಚೂರಿಲ್ಲ. ಕ್ಯಾಮೆರಾದಲ್ಲಿ ನಾಲ್ಕರಲ್ಲೂ ಅಡ್ಡಗೆರೆ ಚೆನ್ನಾಗಿ ಕಾಣ್ತಿದೆ, ಮೂರನೇದರಲ್ಲಿ ಒಂದು ಸಣ್ಣ ಗೆರೆ ಇದೆ, ಉಗುರಿಗೆ ಸಿಗೋವಷ್ಟು ಇರ್ಲಿಕ್ಕಿಲ್ಲ ಅಂತ ಹೇಳಿದ್ರು. ಹೆಡ್ ಇಳಿಸೋಕೆ ಹೇಳಿದೀನಿ. ಬೋರ್ ಮುಟ್ಟಬೇಡಿ ಅಂತಲೂ ಹೇಳಿದೀನಿ. ಹೆಡ್‌ನ ಸುಮ್ನೆ ಫೇಸಿಂಗ್ ಮಾಡಿ ಹೊಸ ಗ್ಯಾಸ್ಕೆಟ್ ಹಾಕಿದ್ರೆ ಸಾಕಾ ಮೇಡಂ?

ಲೇತ್_ಮನೆ_ಮಗಳು
ಬಹಳ ಸಮಾಧಾನ ಆಯ್ತು ಕೇಳಿ. ಹೆಡ್ ಬಗ್ಗೆ ಅವಸರ ಬೇಡ. ಬೋಲ್ಟ್ ಸಡಿಲ ಮಾಡುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು, ಬಿಗಿ ಮಾಡೋ ಕ್ರಮದ ಉಲ್ಟಾ ಕ್ರಮದಲ್ಲಿ ಸ್ವಲ್ಪ ಸ್ವಲ್ಪ ಬಿಡಿಸಬೇಕು, ಒಂದೇ ಕಡೆಯಿಂದ ಬಿಚ್ಚಿದ್ರೆ ಅಲ್ಲೇ ಸೊಟ್ಟ ಆಗುತ್ತೆ. ಮುಖ ಚೆನ್ನಾಗಿ ಒರೆಸಿ, ನೇರ ಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡು) ತೂರಿಸಿ ನೋಡ್ಬೇಕು. ಬಹುಪಾಲು ಹೆಡ್‌ಗಳಿಗೆ ಅಡ್ಡಕ್ಕೆ 0.05 ಮಿಮೀ, ಉದ್ದಕ್ಕೆ 0.1 ಮಿಮೀ ದಾಟಿದ್ರೆ ಕೆಲ್ಸ ಬೇಕು, ನಿಮ್ಮ ಎಂಜಿನ್ ಲಿಮಿಟ್ ಮ್ಯಾನ್ಯುಯಲ್‌ನಲ್ಲಿ ನೋಡಿಸಿ. ಬ್ಲಾಕ್ ಮುಖಕ್ಕೂ ಇದೇ ಪಟ್ಟಿ ಇಡ್ಸಿ, ಅದನ್ನ ಎಲ್ರೂ ಮರೀತಾರೆ.

ಫೇಸಿಂಗ್‌ಗೆ ದುಡ್ಡು ಕೊಡೋಕೆ ಮುಂಚೆ ಕ್ರ್ಯಾಕ್ ಇದ್ಯಾ ನೋಡ್ಬೇಕು, ಒಡೆದ ಹೆಡ್‌ಗೆ ಫೇಸಿಂಗ್ ಮಾಡಿಸಿದ್ರೆ ಆ ಕೂಲಿ ಸುಮ್ನೆ ಹೋಯ್ತು. ಎರಡು ವಾಲ್ವ್ ನಡುವಿನ ಸಣ್ಣ ಸೇತುವೆಯಲ್ಲೇ ಜಾಸ್ತಿ ಒಡೆಯೋದು. ಅಲ್ಯೂಮಿನಿಯಮ್‌ಗೆ ಕೆಂಪು ಡೈ ಹಾಕಿ ಒರೆಸಿ ಡೆವಲಪರ್ ಹೊಡೆದು ನೋಡೋದು, ಕಬ್ಬಿಣದ ಹೆಡ್ ಆದ್ರೆ ಮ್ಯಾಗ್ನೆಟಿಕ್ ಪುಡಿ. ಅದಾದ್ಮೇಲೆ ನೀರಿನ ದಾರಿಗಳೆಲ್ಲ ಮುಚ್ಚಿ ಬಿಸಿ ನೀರಲ್ಲಿ ಮುಳುಗಿಸಿ ಗಾಳಿ ಪ್ರೆಶರ್ ಕೊಡ್ತೀವಿ, ಗುಳ್ಳೆ ಬಂದ್ರೆ ಕ್ರ್ಯಾಕ್. ಬಿಸಿ ನೀರೇ ಬೇಕು, ಕೆಲವು ಕ್ರ್ಯಾಕ್ ತಣ್ಣಗಿದ್ದಾಗ ಮುಚ್ಕೊಂಡಿರುತ್ತೆ.

ಇನ್ನು ಡೀಸೆಲ್‌ನಲ್ಲಿ ಫೇಸಿಂಗ್‌ಗೆ ಮಿತಿ ಇದೆ. ಹೆಡ್ ಎಷ್ಟು ತೆಗೀತೀವೋ ವಾಲ್ವ್ ಅಷ್ಟು ಪಿಸ್ಟನ್ ಹತ್ರ ಬರುತ್ತೆ, ಹೆಡ್ ದಪ್ಪ ಕನಿಷ್ಠ ಇಷ್ಟಿರಬೇಕು ಅಂತ ಕಂಪನಿ ಹೇಳಿರುತ್ತೆ, ವಾಲ್ವ್ ಎಷ್ಟು ಒಳಗೆ ಕೂತಿರಬೇಕು ಅಂತಲೂ ಹೇಳಿರುತ್ತೆ. ಪಿಸ್ಟನ್ ಬ್ಲಾಕ್ ಮುಖದಿಂದ ಎಷ್ಟು ಮೇಲೆ ಬರುತ್ತೆ ಅಂತ ಡಯಲ್ ಗೇಜಲ್ಲಿ ಅಳೆದು ಗ್ಯಾಸ್ಕೆಟ್ ದಪ್ಪ ಆರಿಸೋದು, ಗ್ಯಾಸ್ಕೆಟ್ ಅಂಚಲ್ಲಿ ಕಚ್ಚು ಇಲ್ಲ ತೂತು ಇರುತ್ತೆ ದಪ್ಪ ಗುರುತಿಸೋಕೆ. ಹಳೇದರಲ್ಲಿ ಎಷ್ಟಿದೆ ಅಂತ ನೋಡಿ ಫೋಟೋ ತೆಗೆದಿಟ್ಕೊಳಿ, ಅಂಗಡಿಯೋನು ಕೊಟ್ಟಿದ್ದನ್ನ ಹಂಗೇ ತರಬೇಡಿ. ಬೋಲ್ಟ್ ಆಂಗಲ್ ಟಾರ್ಕ್ ಟೈಪ್ (ಇಷ್ಟು ಡಿಗ್ರಿ ಅಂತ ತಿರುಗಿಸಿ ಬಿಗಿ ಮಾಡೋದು) ಆದ್ರೆ ಹೊಸದೇ ಹಾಕಿ, ಅವು ಒಂದ್ಸಲ ಎಳೆದಿರ್ತವೆ.

ಹುಬ್ಬಳ್ಳಿ_ಡೀಸೆಲ್
ಮೇಡಂ ನೀವು ಹೇಳಿದ್ದು ಖರೇ ಐತ್ರಿ, ರಿಂಗ್ ಬದಲಿ ಮಾಡಿದ್ರ ರೊಕ್ಕಾ ಸುಮ್ನ ಹೋಗ್ತಿತ್ತು. ಆದ್ರ ಹೆಡ್ ಇಳಸೂದು ಇಳಸಾಕ ಬೇಕಾತು ನೋಡ್ರಿ ಕಡೀಕ.

ಲೇತ್_ಮನೆ_ಮಗಳು
ಬೇಕಾಯ್ತು ಅಣ್ಣ, ಆದ್ರೆ ಹೆಡ್ ಮಾತ್ರ. ಒಂದೂಮುಕ್ಕಾಲು ಲಕ್ಷ ಬೇಕಾಗಲಿಲ್ಲ.

ತಿರುಗಾಲಿ_ತಿಪಟೂರು
ಹೆಡ್ ಬಂತು. ಉದ್ದಕ್ಕೆ 0.12 ಮಿಮೀ ಸೊಟ್ಟ, ಬ್ಲಾಕ್ ಮುಖ ನೇರ ಇದೆ. ಗ್ಯಾಸ್ಕೆಟ್ ಎರಡು ಮೂರರ ನಡುವೆ ಕಪ್ಪಗೆ ಸುಟ್ಟು ಪಟ್ಟಿಯೇ ಇಲ್ಲ. ಡೈ ಟೆಸ್ಟ್, ಬಿಸಿ ನೀರಿನ ಟೆಸ್ಟ್ ಎರಡರಲ್ಲೂ ಕ್ರ್ಯಾಕ್ ಇಲ್ಲ. ಫೇಸಿಂಗ್ ಆದ್ಮೇಲೂ ದಪ್ಪ ಲಿಮಿಟ್ ಒಳಗಿದೆ, ವಾಲ್ವ್ ಆಳವೂ ಸರಿ ಇದೆ. ಹಿಂದಿನ ಹೀಟರ್ ಪೈಪ್ ಪ್ಲಾಸ್ಟಿಕ್ ತೆಗೆಸಿ ಹಿತ್ತಾಳೆ ಟಿ ಹಾಕಿಸಿ ಎಕ್ಸಾಸ್ಟಿಂದ ದೂರ ಸರಿಸಿದೀವಿ, ಲೆವೆಲ್ ಸೆನ್ಸರ್ ಬಜರ್ ಜೊತೆ ಹಾಕ್ಸಿದೆ. ಥರ್ಮೋಸ್ಟಾಟ್ ಹೊಸದು. ಮಾವ ಅವ್ರು ಬೈಬೇಡಿ.

ನೀರು ತುಂಬಿ ಗಾಳಿ ತೆಗೆಯೋದು ಹೆಂಗೆ ಅಂತ ಯಾರಾದ್ರೂ ಹೇಳಿ, ಹಿಂದಿನ ಹೀಟರ್ ಬೇರೆ ಇದೆಯಲ್ಲ.

ಮೈಸೂರು_ಮಾವ
ಬೈಯೋದೇನಿಲ್ಲಪ್ಪ, ನಿನ್ನ ಗಾಡಿ. ಚೆನ್ನಾಗಿ ಓಡ್ಲಿ.

ಸ್ಟುಟ್‌ಗಾರ್ಟ್_ಸಿರಿ
ಮೂತಿ ಎತ್ತರ ಇರೋ ಹಂಗೆ ಇಳಿಜಾರಲ್ಲಿ ನಿಲ್ಸಿ. ಹಿಂದೆ ಮುಂದೆ ಎರಡೂ ಹೀಟರ್ ನಾಬ್ ಫುಲ್ ಹಾಟ್‌ಗೆ ಇಟ್ಟು ನಿಧಾನ ತುಂಬಿ. ಹಿಂದಿನ ಹೀಟರ್ ಪೈಪ್ ಮೇಲಿನ ಕ್ಲಿಪ್ ಸಡಿಲ ಮಾಡಿ ನೀರು ಬರೋ ತನಕ ಗಾಳಿ ಬಿಡಿ, ಆಮೇಲೆ ಬಿಗಿ ಮಾಡಿ. ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾಗೋ ತನಕ ಇಳಿದಷ್ಟು ತುಂಬ್ತಾ ಹೋಗಿ. ಎರಡೂ ಹೀಟರಲ್ಲಿ ಬಿಸಿ ಗಾಳಿ ಬಂದ್ರೆ ಮುಗೀತು.

ಗ್ಯಾರೇಜ್_ಗಿರಿ
ಮಾರನೇ ದಿನ ತಣ್ಣಗಿದ್ದಾಗ ಲೆವೆಲ್ ಮತ್ತೆ ನೋಡಿ, ಸ್ವಲ್ಪ ಇಳಿದಿರುತ್ತೆ, ತುಂಬಿ. ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಿನ ಹಂಗೆ ಗಟ್ಟಿಯಾದ್ರೆ ಮಾತ್ರ ಫೋನ್ ಮಾಡಿ, ಸಿಲಿಂಡರ್ ಗ್ಯಾಸ್ ನೀರಿಗೆ ನುಗ್ತಿರಬಹುದು. ಮೊದಲು ಹಾಸನ, ಬೇಲೂರು ಕಡೆ ಸಮತಟ್ಟು ರೋಡಲ್ಲಿ ಖಾಲಿ ಟ್ಯಾಂಕಲ್ಲಿ ಓಡ್ಸಿ. 100 ಲೀಟರ್ ನೀರು ಅಂದ್ರೆ 100 ಕೇಜಿ, ಘಾಟಿ ಹತ್ತೋಕೆ ಮುಂಚೆ ಅದನ್ನ ಕೆಳಗೇ ಖಾಲಿ ಮಾಡಿ ಮೇಲೆ ತುಂಬ್ಕೊಳಿ.

ರಜನಿ_ರೈಡ್ಸ್
100 ಕೇಜಿ ಅಂದಾಗ ನೆನಪಾಯ್ತು, ಬೆಡ್ಡಿಗೆ 18 ಮಿಮೀ ಪ್ಲೈವುಡ್ ಹಾಕಿದೀರಾ 12 ಹಾಕಿದೀರಾ? ನಾನೀಗ ಅದೇ ಕೆಲ್ಸಕ್ಕೆ ಕೈ ಹಾಕಿದೀನಿ.

ತಿರುಗಾಲಿ_ತಿಪಟೂರು
18 ಇತ್ತು. ಎಂಜಿನ್ ಕೆಲ್ಸ ನಡೀವಾಗಲೇ ಭಾವ ಅದನ್ನ ಬಿಚ್ಚಿಸಿ 12 ಹಾಕಿಸ್ತಿದ್ದಾರೆ, ಕೆಳಗೆ ಅಲ್ಯೂಮಿನಿಯಮ್ ಪಟ್ಟಿ ಕೊಟ್ಟು. ಮುಗಿದ್ಮೇಲೆ ಫೋಟೋ ಹಾಕ್ತೀನಿ.